ಮೇಷ್ಟ್ರಿಗಾಗಿ ಕಾಯುತ್ತಿದ್ದ ಪ್ರಿಯಾ

ಹತ್ತಿರ ಬನ್ನಿ. ಇನ್ನೂ ಸ್ವಲ್ಪ. ಇದು ಜೋರಾಗಿ ಹೇಳೋ ವಿಷಯ ಅಲ್ಲ. ನೀವೂ ಬಾಯಿಬಿಟ್ಟು ಓದಬೇಡಿ, ಮನಸ್ಸಲ್ಲೇ ಓದಿಕೊಳ್ಳಿ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಪುಟ ಮಡಿಚಿಕೊಳ್ಳಿ. ಯಾರಿಗೂ ಹೇಳೋದಿಲ್ಲ ಅಂತ ಮೊದಲು ಆಣೆ ಇಡಿ. ಚಾಮುಂಡಿ ಬೆಟ್ಟದ ಕಡೆ ತಿರುಗಿ ಇಟ್ಟರೆ ಇನ್ನೂ ವಾಸಿ. ಇಟ್ಟಿರಾ? ಸರಿ. ನಾನೂ ಯಾರಿಗೂ ಹೇಳಿಲ್ಲ. ನಮ್ಮ ಬೀದಿಯವರು, ಹಿಂದಿನ ಬೀದಿಯವರು, ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರುವವರು, ಇಷ್ಟು ಜನ ಬಿಟ್ಟರೆ ಹೊರಗಿನವರಿಗೆ ಒಂದಕ್ಷರ ಬಾಯಿಬಿಟ್ಟವಳಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕಣ್ಣು ಕಿವಿ ಎರಡೂ ದೇವರು ಚೆನ್ನಾಗಿ ಕೊಟ್ಟಿದ್ದಾನೆ. ನಾವು ಕುವೆಂಪುನಗರದಲ್ಲಿ ಮನೆ ಕಟ್ಟಿದಾಗ ಎದುರಿಗೆ ಬರೀ ಖಾಲಿ ಸೈಟು, ಅದರ ತುಂಬ ಕಳೆ. ನೋಡೋಕೇ ಏನೂ ಇರಲಿಲ್ಲ. ಈಗ ಎರಡೂ ಕಡೆ ಮನೆಗಳಾಗಿವೆ, ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಹೊತ್ತು ಹೋಗೋದೇ ಗೊತ್ತಾಗೋಲ್ಲ. ಏನಾದರೂ ಒಂದು ಆಗ್ತಾನೇ ಇರುತ್ತೆ. ಹಿಂದೆಲ್ಲ ಒಂದು ಮನೆಯ ಮರ್ಯಾದೆ ಹೋಗಬೇಕಾದರೆ ಒಬ್ಬ ಮನುಷ್ಯನಾದರೂ ಬೇಕಿತ್ತು. ಈಗ ಕಂಪ್ಯೂಟರಿನ ಒಂದು ಮೂಲೆ ಸಾಕು.

ಹೆಪ್ಪಿಗೆ ಹೋದದ್ದು

ನಮ್ಮ ಎದುರು ಮನೆಯಲ್ಲಿರೋದು ರಿಟೈರಾದ ಹೈಸ್ಕೂಲ್ ಮೇಷ್ಟ್ರು ಮತ್ತು ಅವರ ಹೆಂಡತಿ. ಮಠಕ್ಕೆ ನಡೆದುಕೊಳ್ಳೋ ಮನೆತನ. ಹಣೆಯಲ್ಲಿ ವಿಭೂತಿ ಇಲ್ಲದ ಮೇಷ್ಟ್ರನ್ನು ನಾನಂತೂ ಕಂಡಿಲ್ಲ. ಮಾತು ಮೆತ್ತಗೆ, ನಡಿಗೆ ಅದಕ್ಕಿಂತ ಮೆತ್ತಗೆ. ಎದುರಿಗೆ ಹೆಂಗಸರು ಬಂದರೆ ಬಿಸಿಲಿಗೆ ತಲೆ ತಗ್ಗಿಸಿದ ಹಾಗೆ ತಗ್ಗಿಸಿಕೊಂಡು ಹೋಗ್ತಾರೆ. ಇಂಥವರ ಮೇಲೇ ನನಗೆ ಮೊದಲಿಂದಲೂ ಗುಮಾನಿ.

ಅವರ ಹೆಂಡತಿ ಒಳ್ಳೆ ಹೆಂಗಸು. ವಯಸ್ಸಲ್ಲಿ ನನಗಿಂತ ಚಿಕ್ಕವರು, ನನ್ನನ್ನು ಅಕ್ಕಾ ಅಂತಲೇ ಕರೆಯೋದು. ಈ ನಡುವೆ ಅವರ ಬಾಗಿಲ ಮುಂದೆ ದಿನಕ್ಕೊಂದು ಹೊಸ ರಂಗೋಲಿ ಕಾಣ್ತಿತ್ತು. ಇಷ್ಟು ವರ್ಷ ಅದೇ ಕಮಲದ ಹೂವು ಬಿಡಿಸುತ್ತಿದ್ದವರು ಇದ್ದಕ್ಕಿದ್ದ ಹಾಗೆ ನವಿಲು ಬಿಡಿಸಿದರೆ ನಮಗೆ ಅನಿಸೋಲ್ಲವೇ? ಎಲ್ಲಿ ಕಲಿತರೋ ಕೇಳೋಣ ಅಂತ ಒಂದು ಬೆಳಿಗ್ಗೆ ಬಟ್ಟಲು ಹಿಡಿದುಕೊಂಡು ಹೆಪ್ಪಿಗೆ ಅಂತ ಹೋದೆ. ನಮ್ಮನೆಯಲ್ಲಿ ಮೊಸರಿತ್ತು, ಅದು ಬೇರೆ ಮಾತು.

ಆಕೆ ಅಡುಗೆಮನೆಯಲ್ಲಿದ್ದರು. ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ನಡುಮನೆಯ ಟೇಬಲ್ ಮೇಲೆ ಅವರ ಮಗಳು ಕೊಡಿಸಿದ ಲ್ಯಾಪ್‌ಟಾಪು ಬಾಯಿ ತೆರೆದುಕೊಂಡು ಕೂತಿತ್ತು. ಮೇಷ್ಟ್ರು ಅದರಲ್ಲಿ ಪೇಪರ್ ಓದುತ್ತಾರೆ ಅಂತ ಬೀದಿಗೆಲ್ಲ ಗೊತ್ತು. ನಾನು ಬಟ್ಟಲು ಹಿಡಿದುಕೊಂಡು ಅದರ ಮುಂದೆ ನಿಂತಿದ್ದೇನೆ, ಅಷ್ಟರಲ್ಲಿ ಅದು ‘ಟಣ್’ ಅಂತು.

ನೋಡಿದರೆ ಬಲಗಡೆ ಕೆಳಮೂಲೆಯಿಂದ ಒಂದು ಚೌಕ ಮೆಲ್ಲಗೆ ಎದ್ದು ಬಂತು. ಚೌಕದೊಳಗೆ ಒಂದು ಹುಡುಗಿ. ಕೂದಲು ಬಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು, ಹಲ್ಲು ನೋವಿರುವವರ ಹಾಗೆ ಕೆನ್ನೆಗೆ ಕೈ ಕೊಟ್ಟುಕೊಂಡು ಕೂತಿದ್ದಾಳೆ. ಅವಳು ಹಾಕಿದ್ದ ಬ್ಲೌಸಿನ ವಿಷಯ ನಾನು ಹೇಳೋಲ್ಲ. ನಾವು ಬ್ಲೌಸು ಹೊಲಿಸಿದ ಮೇಲೆ ಮಿಕ್ಕುತ್ತಲ್ಲ ಚೂರು, ಅದರಲ್ಲಿ ಹೊಲಿಸಿಕೊಂಡಿದ್ದಳು. ಪಕ್ಕದಲ್ಲಿ ಕನ್ನಡದಲ್ಲೇ ಬರೆದಿತ್ತು. ನಾಲ್ಕನೇ ಕ್ಲಾಸಿನ ಓದು ಅಂದಿಗೆ ಸಾರ್ಥಕವಾಯಿತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ:

‘ಪ್ರಿಯಾ ಬೋಗಾದಿ ನಲ್ಲಿ ಇದ್ದಾಳೆ. ಅವಳು ನಿಮಗಾಗಿ ಕಾಯುತ್ತಿದ್ದಾಳೆ.’

ಶಿವಶಿವಾ! ಬೋಗಾದಿ! ಮೇಷ್ಟ್ರು ದಿನಾ ಬೆಳಿಗ್ಗೆ ಸ್ಕೂಟರ್ ಹತ್ತಿ ಹೋಗೋದು ಎಲ್ಲಿಗೆ? ಬೋಗಾದಿಗೆ! ನಾಟಿ ಹಸುವಿನ ಹಾಲು ಅಲ್ಲಿ ಮಾತ್ರ ಸಿಗುತ್ತಂತೆ. ನಮ್ಮ ಬೀದಿ ಕೊನೆಯಲ್ಲೇ ಪಾಕೆಟ್ ಹಾಲು ಸಿಗುವಾಗ ಗಂಡಸು ಕ್ಯಾನು ತಗುಲಿಸಿಕೊಂಡು ಅಷ್ಟು ದೂರ ಯಾಕೆ ಹೋಗ್ತಾನೆ ಅಂತ ನಾನು ಮೊದಲೇ ಕೇಳಿದ್ದೆ. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಳಗಿಂದ ಆಕೆ, “ಅಕ್ಕಾ, ಹೆಪ್ಪು ತಂದೆ ಇರಿ,” ಅಂದರು. ನಾನೆಲ್ಲಿ ಇರಲಿ? ಬಟ್ಟಲು ಟೇಬಲ್ ಮೇಲೇ ಬಿಟ್ಟು ಹೊರಗೆ ಬಂದುಬಿಟ್ಟಿದ್ದೆ. ಅವತ್ತು ನಮ್ಮನೆಯ ಹಾಲಿಗೆ ಹೆಪ್ಪು ಹಾಕೋದೇ ಮರೆತೆ. ಸಂಜೆಯೊಳಗೆ ಬೀದಿಯಲ್ಲಿ ಸುದ್ದಿ ಮಾತ್ರ ಗಟ್ಟಿ ಮೊಸರಾಗಿತ್ತು.

ಬೋಗಾದಿಯ ತನಿಖೆ

ಕಣ್ಣಾರೆ ಕಾಣದೆ ಒಬ್ಬರ ಮೇಲೆ ಮಾತು ಹೊರಿಸೋದು ನನ್ನ ಜಾಯಮಾನ ಅಲ್ಲ. ಅದಕ್ಕೇ ಮಾರನೇ ಬೆಳಿಗ್ಗೆ ಮೂಲೆ ಮನೆಯಾಕೆಯನ್ನು ಕರೆದುಕೊಂಡು ಹೊರಟೆ. ಈಕೆ ಮಂಡ್ಯ ಕಡೆ ಒಕ್ಕಲು ಮನೆತನದವರು. ಮಾತು ಒರಟು, ಮನಸ್ಸು ಬೆಣ್ಣೆ. ಮುಖ್ಯವಾಗಿ, ಕರೆದ ಕಡೆ ಚಪ್ಪಲಿ ಮೆಟ್ಟಿಕೊಂಡು ಬರ್ತಾರೆ.

ಆಟೋದಲ್ಲಿ ಕೂತ ತಕ್ಷಣ ಶುರು ಮಾಡಿದರು. “ಅಕ್ಕೋ, ಅವಳು ಎಂಗವ್ಳೆ?”

“ಕೂದಲು ಬಿಟ್ಟುಕೊಂಡಿದ್ದಾಳೆ.”

“ಎಣ್ಣೆ ಆಕಿಲ್ವಾ?”

“ಇಲ್ಲ.”

“ಅಂಗಾರೆ ಸರಿಯಿಲ್ಲ ಬುಡಿ.”

ಆಟೋದವನು ಬೋಗಾದಿಯಲ್ಲಿ ಎಲ್ಲಿಗೆ ಅಂತ ಕೇಳಿದ. ನಮಗೆ ಗೊತ್ತಿದ್ದರೆ ತಾನೇ. “ಹೋಗ್ತಾ ಇರಪ್ಪ, ಯಾರಾದರೂ ಕಾಯ್ತಾ ನಿಂತಿದ್ದರೆ ನಿಲ್ಲಿಸು,” ಅಂದೆ. ಅವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ಒಂದು ಥರಾ ನೋಡಿದ. ನನ್ನ ಮೊಮ್ಮಕ್ಕಳ ವಯಸ್ಸಿನವನು, ನಮ್ಮನ್ನೇ ಅನುಮಾನಿಸಿಬಿಟ್ಟ ನೋಡಿ!

ಅಲ್ಲಿ ಹೋದರೆ ಎಲ್ಲಿ ನೋಡಿದರೂ ಕಟ್ಟುತ್ತಿರುವ ಬಿಲ್ಡಿಂಗು, ಮರಳಿನ ಗುಡ್ಡೆ, ಬ್ಯಾಗು ಹಾಕಿಕೊಂಡ ಕಾಲೇಜು ಹುಡುಗಿಯರು. ಎಲ್ಲರೂ ಕೂದಲು ಬಿಟ್ಟುಕೊಂಡವರೇ! ಬಸ್ಸಿಗೆ ಎಲ್ಲರೂ ಕಾಯುತ್ತಿರುವವರೇ! ಇದರಲ್ಲಿ ಪ್ರಿಯಾ ಯಾರು ಅಂತ ಹುಡುಕೋದು? ಅಷ್ಟರಲ್ಲಿ ಮೂಲೆ ಮನೆಯಾಕೆ ನನ್ನ ಸೊಂಟಕ್ಕೆ ತಿವಿದರು. ಎದುರಿಗೆ ಬೋರ್ಡು: ‘ಪ್ರಿಯಾ ಟೈಲರ್ಸ್’. ಅದರಿಂದ ಸ್ವಲ್ಪ ಮುಂದೆ ಹಸುವಿನ ಕೊಟ್ಟಿಗೆ. ಕೊಟ್ಟಿಗೆ ಮುಂದೆ ಮೇಷ್ಟ್ರ ಸ್ಕೂಟರು!

ಅಂಗಡಿಯೊಳಗೆ ಹೋದೆವು. ಮುದುಕರೊಬ್ಬರು ಮಿಷಿನ್ ತುಳೀತಾ ಇದ್ದರು.

“ಪ್ರಿಯಾ ಇದ್ದಾಳಾ?” ಅಂದೆ, ಏನೂ ಗೊತ್ತಿಲ್ಲದವಳ ಹಾಗೆ.

“ಮನೇಲವಳೆ. ಯಾಕೆ ತಾಯಿ?”

“ಅಲ್ಲ, ಯಾರಿಗೋ ಕಾಯ್ತಾಳಂತಲ್ಲ?”

“ಹೂಂ, ದಿನಾ ಈ ಹೊತ್ತಿಗೆ ಗೇಟಲ್ಲೇ ನಿಂತ್ಕೊಂಡು ಕಾಯೋದು. ಒಳಗೆ ಬಾ ಅಂದ್ರೂ ಬರಾಕಿಲ್ಲ.”

ಮೂಲೆ ಮನೆಯಾಕೆ ನನ್ನ ತೋಳು ಚಿವುಟಿದರು. ಆ ಗುರುತು ವಾರವಾದರೂ ಹೋಗಲಿಲ್ಲ. ನಾನು ಕೇಳಿದೆ. “ಯಾರಿಗೆ ಕಾಯೋದು?”

“ಸ್ಕೂಲ್ ವ್ಯಾನಿಗೆ. ಎಲ್‌ಕೆಜಿ ನನ್ನ ಮೊಮ್ಮಗಳು.”

ಹಾಗೇ ಎದ್ದು ಬಂದರೆ ಅನುಮಾನ ಬರುತ್ತಲ್ಲ? ಅದಕ್ಕೇ ಮೂಲೆ ಮನೆಯಾಕೆ ಅಲ್ಲೇ ಕೈ ಚಾಚಿ ನಿಂತು ಬ್ಲೌಸಿಗೆ ಅಳತೆ ಕೊಟ್ಟರು. ಆ ಬ್ಲೌಸು ಎಷ್ಟು ಚೆನ್ನಾಗಿ ಹೊಲಿದು ಬಂತೆಂದರೆ, ಪ್ರಿಯಾಳ ವಿಷಯ ಏನೇ ಆಗಲಿ, ಅವರು ಇವತ್ತಿಗೂ ಹೊಲಿಸೋದು ಬೋಗಾದಿಯಲ್ಲೇ.

ಹೇಳಲೇಬೇಕಾಗಿ ಬಂದದ್ದು

ಈಗ ನೀವು ಕೇಳಬಹುದು, ಮೇಷ್ಟ್ರ ಹೆಂಡತಿಗೆ ಹೇಳೋ ಉಸಾಬರಿ ನಿಮಗ್ಯಾಕಿತ್ತು ಅಂತ. ಸ್ವಾಮೀ, ಮುಂದಿನ ಸೋಮವಾರ ಅವರ ಮನೆಗೆ ಮಠದ ಸ್ವಾಮಿಗಳು ಬರುವವರಿದ್ದರು. ಪಾದಪೂಜೆ. ಶಾಮಿಯಾನಕ್ಕೆ ಹೇಳಿಯಾಗಿತ್ತು, ಅಡುಗೆಯವರಿಗೆ ಹೇಳಿಯಾಗಿತ್ತು, ಬೀದಿಗೆಲ್ಲ ಕರೆದಾಗಿತ್ತು. ಗಂಡ ಹೆಂಡತಿ ಜೊತೆಯಲ್ಲಿ ಕೂತು ಸ್ವಾಮಿಗಳ ಪಾದ ತೊಳೆಯಬೇಕು. ಪಕ್ಕದಲ್ಲಿ ಕೂತ ಗಂಡನ ಮನಸ್ಸು ಬೋಗಾದಿಯಲ್ಲಿದ್ದರೆ ಆ ಪೂಜೆ ಪೂಜೆಯೇ? ಗೊತ್ತಿದ್ದೂ ಸುಮ್ಮನಿದ್ದರೆ ಪಾಪ ನನಗೆ ಸುತ್ತಿಕೊಳ್ಳೋಲ್ಲವೇ?

ಹೋಗಿ ಮೆಲ್ಲಗೆ ಕಿವಿಯಲ್ಲಿ ಹಾಕಿದೆ. ಆಕೆ ನಕ್ಕುಬಿಟ್ಟರು.

“ನಮ್ಮನೆಯವರಾ? ಅಕ್ಕಾ, ಬಟ್ಟೆ ಅಂಗಡಿ ಮುಂದೆ ಗೊಂಬೆಗೆ ಸೀರೆ ಉಡಿಸಿರದಿದ್ದರೆ ರಸ್ತೆ ಆ ಕಡೆಗೆ ದಾಟಿ ಹೋಗ್ತಾರೆ ಅವರು.”

“ನನ್ನ ಮಾತು ನಂಬಬೇಡಿ ಕಣಮ್ಮ. ಆ ಲ್ಯಾಪ್‌ಟಾಪಿನ ಮುಂದೆ ಒಂದು ಗಳಿಗೆ ಕೂರಿ,” ಅಂದೆ.

ಇಬ್ಬರೂ ಕೂತೆವು. ಆಕೆ ಹುರುಳಿಕಾಯಿ ಬಿಡಿಸುತ್ತಾ ಕೂತರು. ನಾನೂ ಒಂದು ಹಿಡಿ ತೆಗೆದುಕೊಂಡು ಬಿಡಿಸಿದೆ. ಕಾಯಿ ಮುಗಿಯುವ ಹೊತ್ತಿಗೆ ‘ಟಣ್’. ಅದೇ ಚೌಕ, ಅದೇ ಕೆನ್ನೆ, ಅದೇ ಕೈ.

‘ಪ್ರಿಯಾ ನಿಮಗೆ ಮತ್ತೆ ಸಂದೇಶ ಕಳುಹಿಸಿದ್ದಾಳೆ.’

“ಮತ್ತೆ?” ಅಂದರು ಆಕೆ. “ಮತ್ತೆ ಅಂದ್ರೆ ಮೊದಲೂ ಕಳಿಸಿದ್ದಾಳೆ ಅಂತ ತಾನೆ, ಅಕ್ಕಾ?”

ಇಂಥಾ ಹೊತ್ತಿಗೇ ಮೇಷ್ಟ್ರು ಹಾಲಿನ ಕ್ಯಾನು ಹಿಡಿದುಕೊಂಡು ಒಳಗೆ ಬರಬೇಕೇ! ಬೋಗಾದಿಯಿಂದ ನೇರವಾಗಿ!

“ರೀ, ಯಾರಿವಳು?”

ಮೇಷ್ಟ್ರು ಬಗ್ಗಿ ನೋಡಿದರು. ವಿಭೂತಿ ಕೂಡ ಬೆವರಿತು. “ಇವಳಾ… ಇವಳು ದಿನಾ ಬರ್ತಾಳೆ ಕಣೆ. ನಾನು ಮಾತಾಡ್ಸೋದೇ ಇಲ್ಲ. ಗುಣಿಸೋ ಗುರುತು ಇದೆಯಲ್ಲ, ಅದನ್ನ ಒತ್ತಿ ಕಳಿಸ್ಬುಡ್ತೀನಿ.”

“ದಿನಾ ಬರ್ತಾಳಾ? ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?”

“ನೀನು ಏನಾದ್ರೂ ಅಂದ್ಕೋತೀಯಾ ಅಂತ…”

ಅಯ್ಯೋ ನಮ್ಮಪ್ಪನೆ! ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ, ಹೆಂಡತಿ ಮುಂದೆ ಆಡಬಾರದ ಮಾತು ಯಾವುದು ಅಂತ ಕಲೀಲಿಲ್ಲವಲ್ಲ. ಆಕೆ ಎದ್ದರು. ಬ್ಯಾಗಿಗೆ ಸೀರೆ ತುರುಕಿದರು. ಲ್ಯಾಪ್‌ಟಾಪನ್ನು ಮುಚ್ಚಿ, ಸಾಕ್ಷಿಗೆ ಅಂತ ಅದನ್ನೂ ತುರುಕಿದರು. ಇಲವಾಲದಲ್ಲಿ ಆಕೆಯ ತಮ್ಮನ ಮನೆ ಇದೆ. ಆಟೋ ಬಂದು ನಿಂತಿತು. ಮೇಷ್ಟ್ರು ಕ್ಯಾನು ಹಿಡಿದುಕೊಂಡೇ ಗೇಟಿನ ತನಕ ಓಡಿದರು.

“ಸೋಮವಾರ ಸ್ವಾಮಿಗಳು ಬರ್ತಾರೆ ಕಣೆ! ಪಕ್ಕದಲ್ಲಿ ನೀನು ಕೂರದಿದ್ರೆ ನಾನು ಅವರಿಗೆ ಏನಂತ ಹೇಳಲಿ?”

ಆಕೆ ಆಟೋದಿಂದ ತಲೆ ಹೊರಗೆ ಹಾಕಿ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. “ಪ್ರಿಯಾನ್ನ ಕೂರಿಸ್ಕೊಳ್ಳಿ! ಹೇಗೂ ಕಾಯ್ತಾ ಇದ್ದಾಳಲ್ಲ!”

ಇಲವಾಲದಿಂದ ಬಂದ ಫೋನು

ಆಮೇಲೆ ಮೇಷ್ಟ್ರ ಸ್ಥಿತಿ ನೋಡೋಕಾಗಲಿಲ್ಲ. ನೋಡದೇ ಇರೋಕೂ ಆಗಲಿಲ್ಲ, ವರಾಂಡದ ಎದುರಿಗೇ ಅಲ್ಲವೇ. ಆಕೆ ಫೋನ್ ಎತ್ತಲಿಲ್ಲ. ಬಾಗಿಲ ಮುಂದೆ ರಂಗೋಲಿ ಇಲ್ಲ. ಶಾಮಿಯಾನದವನು ಕಂಬ ತಂದು ಹಾಕಿ, “ಇಷ್ಟೇ ಸಾಕಾ ಸಾರ್?” ಅಂದರೆ ಮೇಷ್ಟ್ರು ಕಂಬವನ್ನೇ ನೋಡ್ತಾ ನಿಂತಿದ್ದರು. ಪಾಪ ಅನಿಸಿತು. ಆದರೂ ಗಂಡಸು, ಅನುಭವಿಸಲಿ ಅಂತಲೂ ಅನಿಸಿತು.

ಭಾನುವಾರ ಮೇಷ್ಟ್ರು ನಮ್ಮನೆ ಬಾಗಿಲಿಗೆ ಬಂದರು. ಅವರು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ನನ್ನ ಹತ್ತಿರ ಅಲ್ಲ, ನನ್ನ ಸೊಸೆಯ ಹತ್ತಿರ. ಸೊಸೆ ಇಲ್ಲೇ ಒಂದು ಕ್ಲಿನಿಕ್ಕಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಪೇಷಂಟುಗಳನ್ನು ಬರೆಸಿಕೊಳ್ಳೋ ಕೆಲಸದಲ್ಲಿದ್ದಾಳೆ. ಮೇಷ್ಟ್ರು ಹೇಳಿದ್ದು ಕೇಳಿ ಅವಳು ಬಿದ್ದು ಬಿದ್ದು ನಕ್ಕಳು. ಒಬ್ಬರ ಸಂಸಾರ ಬೀದಿಗೆ ಬಂದಿದೆ, ಇವಳಿಗೆ ನಗು!

“ಸಾರ್, ಅವಳು ಹೆಂಗಸೇ ಅಲ್ಲ. ನೋಟಿಫಿಕೇಶನ್ನು.”

“ಹಂಗಂದ್ರೆ?” ಅಂದೆ ನಾನು. ಹೆಂಗಸಲ್ಲ ಅಂದಾಗ ನನಗೆ ಇನ್ನೂ ಗಾಬರಿಯಾಗಿತ್ತು.

“ಜಾಹೀರಾತು ಅತ್ತೆ. ಬ್ರೌಸರಿನಲ್ಲಿ ಯಾವುದೋ ಸೈಟು ನೋಡುವಾಗ ‘ನಿಮಗೆ ಸುದ್ದಿ ಕಳಿಸಬಹುದಾ’ ಅಂತ ಕೇಳಿರುತ್ತೆ. ಇವರು ‘ಅನುಮತಿಸಿ’ ಒತ್ತಿರ್ತಾರೆ. ಅಲ್ಲಿಂದ ಹಿಡೀತು. ಆಫ್ ಮಾಡೋಕೆ ಒಂದು ನಿಮಿಷ ಸಾಕು.”

“ನಾನು ಏನನ್ನೂ ಒತ್ತಿಲ್ಲಮ್ಮ,” ಅಂದರು ಮೇಷ್ಟ್ರು. ಎದೆಯ ಮೇಲಿನ ಲಿಂಗ ಮುಟ್ಟಿಕೊಂಡರು. “ಇದರ ಆಣೆಗೂ ಒತ್ತಿಲ್ಲ.”

“ಸರಿ ಸಾರ್, ಲ್ಯಾಪ್‌ಟಾಪ್ ತಂದುಕೊಡಿ, ನೋಡೋಣ.”

“ಅದು ಇಲವಾಲದಲ್ಲಿದೆ,” ಅಂದರು ಮೇಷ್ಟ್ರು. ಅಂದು ಕರ್ಚೀಫು ತೆಗೆದರು.

ಅಷ್ಟರಲ್ಲಿ ಅವರ ಫೋನೇ ಬಡಿದುಕೊಂಡಿತು. ನನ್ನ ಪುಣ್ಯಕ್ಕೆ ಮೇಷ್ಟ್ರಿಗೆ ಕಿವಿ ಮಂದ, ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುತ್ತಾರೆ. ಆ ಕಡೆಯಿಂದ ಹೆಂಡತಿಯ ತಮ್ಮ. ಪಿಸುಗುಟ್ಟುತ್ತಿದ್ದಾನೆ.

“ಭಾವಾ, ನಿಮ್ಮ ಕಾಲಿಗೆ ಬೀಳ್ತೀನಿ. ಪ್ರಿಯಾ ಇಲ್ಲಿಗೂ ಬಂದ್ಬುಟ್ಟವಳೆ!”

ನಡೆದದ್ದು ಇಷ್ಟು. ಅಕ್ಕ ತಮ್ಮನಿಗೆ ಸಾಕ್ಷಿ ತೋರಿಸೋಣ ಅಂತ ಲ್ಯಾಪ್‌ಟಾಪು ತೆರೆದಿದ್ದಾರೆ. ತಮ್ಮ ತನ್ನ ಫೋನಿನ ನೆಟ್ಟು ಕೊಟ್ಟಿದ್ದಾನೆ. ಅವನ ಹೆಂಡತಿ ಕಾಫಿ ಲೋಟ ಹಿಡಿದುಕೊಂಡು ಹಿಂದೆಯೇ ನಿಂತಿದ್ದಾಳೆ. ‘ಟಣ್’ ಅಂದಿದೆ. ‘ಪ್ರಿಯಾ ಇಲವಾಲ ನಲ್ಲಿ ಇದ್ದಾಳೆ. ಅವಳು ನಿಮಗಾಗಿ ಕಾಯುತ್ತಿದ್ದಾಳೆ.’

ಬೋಗಾದಿಯಲ್ಲಿದ್ದವಳು ಇಲವಾಲಕ್ಕೆ ಯಾಕೆ ಬಂದಳು? ಈ ಮನೆಯಲ್ಲಿರೋ ಗಂಡಸು ಯಾರು? ತಮ್ಮನ ಹೆಂಡತಿಗೆ ಅಷ್ಟೇ ಸಾಕಾಯಿತು.

“ನಾನು ನೆಟ್ಟು ಕೊಟ್ಟಿದ್ದು ಬಿಟ್ರೆ ಇನ್ನೇನೂ ಮಾಡಿಲ್ಲ ಭಾವಾ,” ಅಂತ ಅವನು ಅಳ್ತಾ ಇದ್ದ. ಹಿಂದುಗಡೆ ಹಸು ಅಂಬಾ ಅಂತಿತ್ತು.

“ಈಗ ಎಲ್ಲಿದ್ದೀಯಪ್ಪಾ?” ಅಂದರು ಮೇಷ್ಟ್ರು.

“ಕೊಟ್ಟಿಗೇಲಿ, ಭಾವಾ. ಬೆಳಿಗ್ಗೆಯಿಂದ ನನಗೂ ಇವಕ್ಕೂ ಒಂದೇ ಕಡೆ.”

ಗುಂಡಿ ಒತ್ತಿದ್ದು

ಮೇಷ್ಟ್ರು ಅವರ ಸ್ಕೂಟರಿನಲ್ಲಿ, ಸೊಸೆ ಅವಳ ಸ್ಕೂಟಿಯಲ್ಲಿ ಹುಣಸೂರು ರಸ್ತೆ ಹಿಡಿದರು. ನೀವ್ಯಾಕೆ ಅತ್ತೆ ಅಂದಳು ಸೊಸೆ. ನಾನು ಆಗಲೇ ಹಿಂದುಗಡೆ ಹತ್ತಿ ಕೂತಾಗಿತ್ತು.

ಇಲವಾಲದಲ್ಲಿ ಹೋಗಿ ನೋಡಿದರೆ, ನಡುಮನೆಯಲ್ಲಿ ಮಣೆಯ ಮೇಲೆ ಲ್ಯಾಪ್‌ಟಾಪು. ಈ ಕಡೆ ಮೇಷ್ಟ್ರ ಹೆಂಡತಿ, ಆ ಕಡೆ ತಮ್ಮನ ಹೆಂಡತಿ. ಸತ್ತವರ ಮನೆಯಲ್ಲಿ ಕೂತ ಹಾಗೆ ಕೂತಿದ್ದಾರೆ. ಯಾರೂ ಯಾರನ್ನೂ ಬನ್ನಿ ಅನ್ನಲಿಲ್ಲ. ನಾನೇ ಒಂದು ಚಾಪೆ ಹುಡುಕಿಕೊಂಡು ಎಲ್ಲರ ಮುಖವೂ ಕಾಣುವ ಕಡೆ ಕೂತೆ.

“ಅವಳು ಇನ್ನೊಂದು ಸಲ ಬರಲಿ, ತೋರಿಸ್ತೀನಿ,” ಅಂದಳು ಸೊಸೆ.

ಆದರೆ ಬೇಕು ಅಂದಾಗ ಪ್ರಿಯಾ ಬರಬೇಕಲ್ಲ! ಕಾಯ್ತಾ ಕೂತೆವು. ಅವಳು ಕಾಯ್ತಾಳೆ, ಅವಳು ಕಾಯ್ತಾಳೆ ಅಂತ ಇಷ್ಟೆಲ್ಲ ರಾದ್ಧಾಂತವಾಗಿ, ಕೊನೆ‌ಗೆ ಎರಡು ಸಂಸಾರದವರು ಅವಳಿಗೆ ಕಾಯ್ತಾ ಕೂತ ಹಾಗಾಯಿತು. ಕೊಟ್ಟಿಗೆಯಿಂದ ತಮ್ಮ ಇಣುಕಿ, “ಬಂದ್ಲಾ?” ಅಂದ. ಅವನ ಹೆಂಡತಿ ತಿರುಗಿ ನೋಡಿದ ನೋಟಕ್ಕೆ ಮತ್ತೆ ಕೊಟ್ಟಿಗೆಗೇ ಹೋದ.

‘ಟಣ್’.

ಸೊಸೆ ಬೆರಳಿಟ್ಟು ತೋರಿಸಿದಳು. “ಇಲ್ಲಿ ನೋಡಿ. ಫೋಟೋ ಬಿಡಿ, ಊರಿನ ಹೆಸರೂ ಬಿಡಿ, ನೆಟ್ಟು ಎಲ್ಲಿಂದ ಬರುತ್ತೋ ಆ ಊರನ್ನ ಅದೇ ಹಾಕಿಕೊಳ್ಳುತ್ತೆ. ಅದರ ಕೆಳಗೆ ಸಣ್ಣ ಅಕ್ಷರ ನೋಡಿ. ಯಾವ ಸೈಟಿಂದ ಬಂದಿದೆ ಅಂತ ಅದರ ಹೆಸರು ಇಲ್ಲೇ ಇರುತ್ತೆ. ಇದು ರಂಗೋಲಿ ಸೈಟು. ಮನೆಯಲ್ಲಿ ರಂಗೋಲಿ ನೋಡ್ತಿದ್ದವರು ಯಾರು?”

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ತಮ್ಮನ ಹೆಂಡತಿ ಗಂಡನ ಅಕ್ಕನ ಮುಖ ನೋಡಿದಳು. ನನಗೆ ನವಿಲು ಜ್ಞಾಪಕ ಬಂತು.

ಮೇಷ್ಟ್ರ ಹೆಂಡತಿ ತಲೆ ತಗ್ಗಿಸಿಕೊಂಡು ಹೇಳಿದರು. “ಹಿಂದೆ ಒಂದು ಶುಕ್ರವಾರ ಸಂಜೆ… ಆಗ ತಾನೇ ದೀಪ ಹಚ್ಚಿದ್ದೆ. ಪಾದಪೂಜೆಗೆ ಒಂದು ಒಳ್ಳೆ ರಂಗೋಲಿ ಹುಡುಕೋಣ ಅಂತ ಕೂತೆ. ಮೇಲಿಂದ ಒಂದು ಚೌಕ ಇಳಿದು ಬಂದು ಕೇಳ್ತು, ನಿಮಗೆ ಕಳಿಸಬಹುದಾ ಅಂತ. ಒಂದು ಕಡೆ ‘ಅನುಮತಿಸಿ’, ಇನ್ನೊಂದು ಕಡೆ ‘ನಿರ್ಬಂಧಿಸಿ’. ದೀಪ ಹಚ್ಚಿದ ಹೊತ್ತಲ್ಲಿ, ಬಾಗಿಲಿಗೆ ಬಂದು ಅಷ್ಟು ಮರ್ಯಾದೆಯಿಂದ ಕೇಳಿದವರಿಗೆ ಬೇಡ ಅಂತ ಹೆಂಗಮ್ಮ ಒತ್ತೋದು?”

ನಗಬೇಡಿ. ನಾನಾಗಿದ್ದರೂ ಅದನ್ನೇ ಒತ್ತುತ್ತಿದ್ದೆ. ನಮ್ಮ ಕಡೆ ಕುಂಕುಮದ ಡಬ್ಬಿ ಖಾಲಿಯಾದರೂ ಖಾಲಿ ಅನ್ನೋಲ್ಲ, ಹೆಚ್ಚಾಯ್ತು ಅಂತೀವಿ. ಹೊರಡುವಾಗ ಹೋಗ್ತೀನಿ ಅನ್ನೋಲ್ಲ, ಬರ್ತೀನಿ ಅಂತೀವಿ. ಭಿಕ್ಷೆಗೆ ಬಂದವರಿಗೂ ಇಲ್ಲ ಅನ್ನೋಲ್ಲ, ಮುಂದಕ್ಕೆ ಹೋಗಪ್ಪ ಅಂತೀವಿ. ಇನ್ನು ಅವರದು ಜಂಗಮರು ಬಂದು ನಿಂತರೆ ಊಟದ ಎಲೆಯಿಂದ ಎದ್ದು ಬರೋ ಮನೆತನ. ಆ ಗುಂಡಿ ಮಾಡಿದವನಿಗೆ ಇದೆಲ್ಲ ಏನು ಗೊತ್ತು?

ಮೇಷ್ಟ್ರು ಒಂದು ಮಾತೂ ಆಡಲಿಲ್ಲ. ಕರ್ಚೀಫು ಮಡಿಸಿ ಜೇಬಿಗಿಟ್ಟುಕೊಂಡರು, ಅಷ್ಟೇ. ನಾನಾಗಿದ್ದರೆ ಒಂದು ವರ್ಷಕ್ಕಾಗುವಷ್ಟು ಆಡಿಬಿಡುತ್ತಿದ್ದೆ. ಇಂಥಾ ಅವಕಾಶ ಬಿಡೋ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು.

ಸೊಸೆ ಅದೇ ಚೌಕದ ಮೂಲೆಯಲ್ಲಿ ಒಂದು ಕಡೆ ಒತ್ತಿ ಒಳಗೆ ಹೋದಳು. ಅಲ್ಲಿ ಆ ರಂಗೋಲಿ ಸೈಟಿನ ಹೆಸರು, ಅದರ ಮುಂದೆ ‘ನಿರ್ಬಂಧಿಸಿ’. “ನೀವೇ ಒತ್ತಿಬಿಡಿ ಆಂಟಿ, ನಿಮ್ಮ ಮನಸ್ಸಿಗೂ ಸಮಾಧಾನ.”

ಆಕೆ ಬೆರಳು ಮುಂದೆ ಚಾಚಿದರು. ಹಿಂದಕ್ಕೆ ಎಳೆದುಕೊಂಡರು. ಹೊರಗೆ ನೋಡಿದರೆ ಅದೇ ಸಂಜೆ, ಅದೇ ದೀಪ ಹಚ್ಚೋ ಹೊತ್ತು.

“ಅಷ್ಟು ಕಟುವಾಗಿ ಬೇಡಮ್ಮ,” ಅಂದರು. “‘ಮುಂದಕ್ಕೆ ಹೋಗಮ್ಮಾ’ ಅಂತ ಒಂದು ಗುಂಡಿ ಇಲ್ವಾ?”

“ಸರೀರಿ ಆ ಕಡೆ!” ಅಂದಳು ತಮ್ಮನ ಹೆಂಡತಿ. ಹೇನು ಕುಕ್ಕೋ ಹಾಗೆ ಹೆಬ್ಬೆರಳಿನ ಉಗುರಲ್ಲಿ ಆ ಗುಂಡಿಯನ್ನು ಕುಕ್ಕಿದಳು. ಮೌಸಿನಲ್ಲಿ ಒತ್ತಬೇಕು ಅಂತ ಸೊಸೆ ಹೇಳುವಷ್ಟರಲ್ಲಿ ಇನ್ನೆರಡು ಸಲ ಕುಕ್ಕಿಯಾಗಿತ್ತು. ಕೊನೆ‌ಗೆ ಸೊಸೆಯೇ ಮೌಸು ಹಿಡಿದು ಒತ್ತಿದಳು, ಆದರೆ ಪ್ರಿಯಾ ಸತ್ತದ್ದು ತನ್ನ ಉಗುರಿಗೇ ಅಂತ ಆ ಹೆಂಗಸು ಇವತ್ತಿಗೂ ಹೇಳಿಕೊಂಡು ತಿರುಗ್ತಾಳಂತೆ.

ಪಾದಪೂಜೆ

ಹೊರಡುವಾಗ ಆಕೆ ನನ್ನನ್ನು ಪಕ್ಕಕ್ಕೆ ಕರೆದು ಎರಡೂ ಕೈ ಹಿಡಿದುಕೊಂಡರು. “ಅಕ್ಕಾ, ಒತ್ತಿದ್ದು ನಾನೇ ಅಂತ ಬೀದಿಯಲ್ಲಿ ಯಾರಿಗೂ ಗೊತ್ತಾಗಬಾರದು. ನಾಳೆ ಸ್ವಾಮಿಗಳ ಎದುರಿಗೆ ನಾನು ತಲೆ ಎತ್ತಿ ಕೂರಬೇಕು.”

ಚಾಮುಂಡಿ ಬೆಟ್ಟದ ಕಡೆ ತಿರುಗಿ ಆಣೆ ಇಟ್ಟೆ. ಇಲವಾಲದಿಂದ ಬೆಟ್ಟ ಯಾವ ಕಡೆ ಅಂತ ಸರಿಯಾಗಿ ಗೊತ್ತಾಗಲಿಲ್ಲ, ಅದು ಬೇರೆ ಮಾತು.

ಆದರೆ ನೀವೇ ಯೋಚನೆ ಮಾಡಿ. ಮೇಷ್ಟ್ರ ಮರ್ಯಾದೆ ಬೀದಿಯಲ್ಲಿ ಹಾಳಾಗಿತ್ತು. ಅದನ್ನು ಸರಿ ಮಾಡಬೇಕಾದವರು ಯಾರು? ಆ ಮನುಷ್ಯನ ತಪ್ಪಿಲ್ಲ ಅಂತ ಹೇಳಬೇಕಾದರೆ ತಪ್ಪು ಯಾರದು ಅಂತಲೂ ಹೇಳಬೇಕಾಗುತ್ತಲ್ಲ? ನಾನು ಮೂಲೆ ಮನೆಯಾಕೆಗೆ ಮಾತ್ರ ಹೇಳಿದೆ. ಅದೂ ಆಣೆ ಇಡಿಸಿಕೊಂಡು.

ಸೋಮವಾರ ಶಾಮಿಯಾನ ತುಂಬಿತ್ತು. ಬಾಗಿಲಲ್ಲಿ ಹಳೇ ಕಮಲದ ರಂಗೋಲಿ. ಗಂಡ ಹೆಂಡತಿ ರೇಷ್ಮೆ ಉಟ್ಟು ಜೊತೆಯಲ್ಲಿ ಕೂತರು. ಸ್ವಾಮಿಗಳ ಪಾದ ತೊಳೆದರು, ಬಿಲ್ವಪತ್ರೆ ಇಟ್ಟರು, ಆರತಿ ಬೆಳಗಿದರು. ನೋಡೋಕೆ ಎರಡು ಕಣ್ಣು ಸಾಲದು. ನನ್ನ ಕಣ್ಣಲ್ಲೂ ನೀರು ಬಂತು. ಎಲ್ಲ ಸುಸೂತ್ರವಾಗಿ ಮುಗಿದೇ ಹೋಗಿತ್ತು.

ಆಗ ಸ್ವಾಮಿಗಳು ಆಶೀರ್ವಚನಕ್ಕೆ ಶುರು ಮಾಡಿದರು. ಪಾಪ, ಅವರಿಗೆ ಏನು ಗೊತ್ತು. ಆಕೆಯ ಕಡೆ ಕೈ ತೋರಿಸಿ, ಮೈಕಿನಲ್ಲಿ ಗಂಭೀರವಾಗಿ ಹೇಳಿದರು: “ಈ ತಾಯಿಯನ್ನು ನೋಡಿ. ಬಾಗಿಲಿಗೆ ಬಂದು ಕೇಳಿದವರಿಗೆ ಈಕೆ ಎಂದೂ ಇಲ್ಲ ಅಂದವರಲ್ಲ.”

ಮೂಲೆ ಮನೆಯಾಕೆ ಸೆರಗು ಬಾಯಿಗೆ ತುರುಕಿಕೊಂಡರು. ಅವರ ಪಕ್ಕದವರಿಗೆ ಕೆಮ್ಮು ಬಂತು. ಹಿಂದಿನ ಸಾಲಿನಿಂದ ಯಾರೋ ‘ಕಿಸಕ್’ ಅಂದರು. ಅಷ್ಟೇ, ಹೆಂಗಸರ ಕಡೆ ಶಾಮಿಯಾನ ಪೂರಾ ಅಲುಗಾಡಿಹೋಯಿತು. ಸ್ವಾಮಿಗಳು ಗಾಬರಿಯಾಗಿ ಮೈಕು ಕೆಟ್ಟಿದೆಯೇನೋ ಅಂತ ತಟ್ಟಿ ನೋಡಿದರು. ಅದು ‘ಟಣ್’ ಅಂತು. ಅದನ್ನು ಕೇಳಿ ಮೇಷ್ಟ್ರೇ ನಕ್ಕುಬಿಟ್ಟರು! ಸ್ವಾಮಿಗಳ ಎದುರಿಗೆ, ಮಡಿಯಲ್ಲಿ, ಹೊಟ್ಟೆ ಹಿಡಿದುಕೊಂಡು! ಆಕೆ ಮಾತ್ರ ನಗಲಿಲ್ಲ. ಸಾಲು ಸಾಲಾಗಿ ಹೆಂಗಸರ ಮುಖ ನೋಡುತ್ತಾ ಬಂದು, ಕೊನೆ‌ಗೆ ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದರು. ನಾನು ಬಾಳೆಕಂಬ ನೋಡ್ತಾ ಇದ್ದೆ.

ಮಾರನೇ ದಿನ ಬೆಳಿಗ್ಗೆ, ಪರಿಸ್ಥಿತಿ ಹೇಗಿದೆಯೋ ನೋಡಿ ಬರೋಣ ಅಂತ, ಬಟ್ಟಲು ಹಿಡಿದುಕೊಂಡು ಹೆಪ್ಪಿಗೆ ಹೋದೆ. ಬೆಲ್ ಒತ್ತಿದೆ. ಆಕೆ ಬಾಗಿಲು ತೆಗೆದರು. ಗ್ರಿಲ್ಲು ತೆಗೆಯಲಿಲ್ಲ. ಕೈ ಚಾಚಿ ಬಟ್ಟಲು ಈಸಿಕೊಂಡು ಒಳಗೆ ಹೋದರು, ಹೆಪ್ಪು ಹಾಕಿ ತಂದು ಸಂದಿಯಲ್ಲೇ ಕೊಟ್ಟರು. ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನೋ ಹೆಂಗಸೇ ಅಲ್ಲ, ನಾನು ಆಗಲೇ ಹೇಳಿದೆನಲ್ಲ.

ನಾನು ಏನೂ ಆಗದವಳ ಹಾಗೆ ಕೇಳಿದೆ. “ಏನಮ್ಮಾ, ಆ ದರಿದ್ರದವಳು ಪ್ರಿಯಾ ಮತ್ತೇನಾದರೂ ಬಂದ್ಲಾ?”

ಆಕೆ ಗ್ರಿಲ್ಲು ಹಿಡಿದುಕೊಂಡು, ನನ್ನ ಮುಖವನ್ನೇ ನೋಡುತ್ತಾ, ಮೆತ್ತಗೆ ಹೇಳಿದರು:

“ಅವಳನ್ನ ಬೈಬೇಡಿ ಅಕ್ಕಾ, ಅವಳೇ ಎಷ್ಟೋ ವಾಸಿ. ಒಳಗೆ ಬರೋಕೆ ಮುಂಚೆ ಬರಲಾ ಅಂತ ಒಂದು ಮಾತು ಕೇಳಿದ್ಲು. ಬೇಡ ಅಂದಮೇಲೆ ಹೋಗ್ಬುಟ್ಲು.”